ಜುನೋ-106 ಸಿಂಥಸೈಜರ್: ಆರರಲ್ಲಿ ಒಂದು ಸ್ವರ ಕೆಟ್ಟಾಗ ದೋಷ ಹುಡುಕುವ ಕ್ರಮ

ಸರ್ಕ್ಯೂಟ್‌ಗಳಿಂದ ದನಿ ಹುಟ್ಟಿಸುವ ಕೀಬೋರ್ಡ್ ವಾದ್ಯವಾದ ರೋಲ್ಯಾಂಡ್ ಸಂಸ್ಥೆಯ ಜುನೋ-106 ಸಿಂಥಸೈಜರ್ ಮಾರುಕಟ್ಟೆಗೆ ಬಂದದ್ದು 1984ರಲ್ಲಿ. ನಲವತ್ತು ವರ್ಷ ದಾಟಿದ ಈ ವಾದ್ಯವನ್ನು ಮೈಸೂರು, ಮಂಡ್ಯ ಭಾಗದಲ್ಲಿ ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿರುವವರಿದ್ದಾರೆ. ಕೆಲವರಿಗೆ ಅದು ಆರ್ಕೆಸ್ಟ್ರಾ ತಂಡದ ಹಿರಿಯರಿಂದ ಬಂದದ್ದು, ಇನ್ನು ಕೆಲವರಿಗೆ ಅಮೆರಿಕದಲ್ಲೋ ಜಪಾನಿನಲ್ಲೋ ನೆಲೆಸಿದ ಬಂಧುಗಳು ತಂದುಕೊಟ್ಟದ್ದು. ವಾದ್ಯ ಯಾವ ದಾರಿಯಿಂದ ಬಂದಿದ್ದರೂ ದೂರು ಮಾತ್ರ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ನುಡಿಸುತ್ತಿರುವಾಗ ನಡುನಡುವೆ ಒಂದು ಸ್ವರ ಕೇಳಿಸುವುದೇ ಇಲ್ಲ. ಇಲ್ಲವೇ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಸದ್ದಿನೊಡನೆ ಬರುತ್ತದೆ. ಇಲ್ಲವೇ ಬೆರಳು ತೆಗೆದ ಮೇಲೂ ಸಣ್ಣಗೆ ಗುಂಯ್‌ಗುಡುತ್ತಲೇ ಇರುತ್ತದೆ.

ಈ ದೂರಿಗೆ ಸಾಮಾನ್ಯವಾಗಿ ಸಿಗುವ ಉತ್ತರ, "ವಾಯ್ಸ್ ಚಿಪ್ ಹೋಗಿದೆ, ಆರನ್ನೂ ಬದಲಿಸಿಬಿಡಿ" ಎಂಬುದು. ಬಹಳಷ್ಟು ಸಲ ಚಿಪ್ಪೇ ಕಾರಣವಾಗಿರುತ್ತದೆ, ನಿಜ. ಆದರೆ ಕೀ ಕೆಳಗಿನ ಧೂಳು, ಸಡಿಲಗೊಂಡ ಬೆಸುಗೆ, ಕುಸಿದ ವೋಲ್ಟೇಜ್ ಇವೂ ಹೆಚ್ಚುಕಡಿಮೆ ಇದೇ ಲಕ್ಷಣಗಳನ್ನು ತೋರಿಸುತ್ತವೆ. ಅಂಥಲ್ಲಿ ಸರಿಯಾಗಿರುವ ಚಿಪ್ಪುಗಳನ್ನು ಕಿತ್ತರೆ ಇದ್ದ ದೋಷ ಹಾಗೆಯೇ ಉಳಿದು, ಬೋರ್ಡಿನ ತಾಮ್ರದ ಗೆರೆಗಳು ಎದ್ದು ಹೊಸ ದೋಷವೊಂದು ಸೇರಿಕೊಳ್ಳುತ್ತದೆ. ಜುನೋ-106ರೊಳಗೆ ಒಂದೇ ಬಗೆಯ ಆರು ವಾಯ್ಸ್ ಸರ್ಕ್ಯೂಟ್‌ಗಳಿವೆ. ಒಂದೊಂದು ವಾಯ್ಸ್ ಒಂದು ಹೊತ್ತಿಗೆ ಒಂದು ಸ್ವರವನ್ನು ನುಡಿಸುತ್ತದೆ. ಒಂದು ಕೆಟ್ಟಾಗ ಅದು ಹೇಗಿರಬೇಕಿತ್ತು ಎಂಬುದನ್ನು ಪಕ್ಕದ ಐದು ತೋರಿಸುತ್ತಿರುತ್ತವೆ. ಹೋಲಿಸಿ ನೋಡುವ ತಾಳ್ಮೆಯಿದ್ದವರು ದುಬಾರಿ ಉಪಕರಣಗಳಿಲ್ಲದೆಯೇ ಈ ವಾದ್ಯದ ದೋಷವನ್ನು ಪತ್ತೆಮಾಡಬಹುದು ಎಂಬುದು ನನ್ನ ದೃಢವಾದ ನಂಬಿಕೆ. ಕೆಳಗಿನ ಕ್ರಮವೆಲ್ಲವೂ ಆ ಹೋಲಿಕೆಯ ಮೇಲೆಯೇ ನಿಂತಿದೆ.

ಮೊದಲು ವಿದ್ಯುತ್ತು

ವಾದ್ಯದ ಹಿಂಬದಿಯ ಫಲಕದಲ್ಲಿ ಅದು ಎಷ್ಟು ವೋಲ್ಟಿಗೆ ತಯಾರಾದದ್ದು ಎಂದು ಬರೆದಿರುತ್ತದೆ. ಜಪಾನಿನಲ್ಲಿ ಮಾರಾಟವಾದದ್ದು 100 ವೋಲ್ಟಿನದು, ಅಮೆರಿಕದ್ದು 117 ವೋಲ್ಟಿನದು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಆದ್ದರಿಂದ ಹೊರದೇಶದಿಂದ ಬಂದ ವಾದ್ಯವನ್ನು ಈ ಬರಹವನ್ನು ಓದದೆ ಗೋಡೆಯ ಪ್ಲಗ್ಗಿಗೆ ಹಾಕಲೇಬಾರದು. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬಳಸುವವರೂ ಒಂದು ಸಂಗತಿಯನ್ನು ಗಮನಿಸಬೇಕು: ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 110 ವೋಲ್ಟ್ ಕೊಡುವಂಥದ್ದು. 100 ವೋಲ್ಟಿನ ವಾದ್ಯವನ್ನು ಅದಕ್ಕೆ ಜೋಡಿಸಿದರೆ ವಾದ್ಯ ನುಡಿಯುತ್ತದೆ, ಆದರೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಒಳಗಿನ ರೆಗ್ಯುಲೇಟರ್‌ಗಳು ಬೇಕಾದುದಕ್ಕಿಂತ ಹೆಚ್ಚು ಬಿಸಿಯಾಗುತ್ತವೆ. ಗಣೇಶೋತ್ಸವದ ಪೆಂಡಾಲಿನಲ್ಲಿ ಜನರೇಟರಿನ ಮೇಲೆ ನುಡಿಸುವಾಗ ವೋಲ್ಟೇಜ್ ಇನ್ನಷ್ಟು ಏರಿಳಿಯುವುದರಿಂದ, ಅಲ್ಲಿಗೆ ಈ ಹಳೆಯ ವಾದ್ಯವನ್ನು ಒಯ್ಯದಿರುವುದೇ ಉತ್ತಮ. ಒಯ್ಯಲೇಬೇಕಾದರೆ ಸ್ಟೆಬಿಲೈಸರ್ ಕಡ್ಡಾಯ.

ಯಾವ ಕೀ ಒತ್ತದಿದ್ದರೂ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಅದು ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನು ವಾದ್ಯದಿಂದಲೇ ಅಳೆಯಬಹುದು. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅರ್ಥಿಂಗ್ ಸರಿಯಿಲ್ಲದೆ ಇಲ್ಲವೇ ಆಂಪ್ಲಿಫೈಯರ್‌ಗೂ ವಾದ್ಯಕ್ಕೂ ಬೇರೆ ಬೇರೆ ಪ್ಲಗ್ಗಿನಿಂದ ಅರ್ಥ್ ಬಂದು ಹುಟ್ಟುವ ಸದ್ದು ಸಾಮಾನ್ಯವಾಗಿ 50 ಹರ್ಟ್ಸಿನದು. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳು ಒಣಗಿದ್ದರೆ ಹುಟ್ಟುವ ಸದ್ದು 100 ಹರ್ಟ್ಸಿನದು, ಏಕೆಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಅಲೆಯ ಎರಡೂ ಅರ್ಧಗಳನ್ನು ಬಳಸಿಕೊಳ್ಳುತ್ತದೆ. ಸ್ವರದ ಸ್ಥಾಯಿಯನ್ನು ಆರಿಸುವ ರೇಂಜನ್ನು 16 ಅಡಿಯ (16') ಗುಂಡಿಗೆ ಇಟ್ಟು ಕೀಬೋರ್ಡಿನ ಎಡತುದಿಯ ಮೊದಲ ಜಿ ಕೀಯನ್ನು ಒತ್ತಿದರೆ ಸುಮಾರು 49 ಹರ್ಟ್ಸಿನ ಸ್ವರ ಬರುತ್ತದೆ. ಅದರ ಮೇಲಿನ ಜಿ 98 ಹರ್ಟ್ಸಿನದು. ಗುಂಯ್ ಸದ್ದು ಈ ಎರಡರಲ್ಲಿ ಯಾವುದರ ಹತ್ತಿರ, ತುಸುವೇ ಮೇಲೆ, ನಿಲ್ಲುತ್ತದೆ ಎಂದು ಕಿವಿಗೊಟ್ಟು ಕೇಳಬೇಕು. ಮೊದಲ ಜಿ ಜೊತೆ ಬೆರೆತರೆ ಕೇಬಲ್ಲನ್ನೂ ಅರ್ಥಿಂಗನ್ನೂ ನೋಡಬೇಕು, ಎರಡನೆಯದರ ಜೊತೆ ಬೆರೆತರೆ ಕೆಪಾಸಿಟರ್‌ಗಳನ್ನು ಬದಲಿಸುವ ಕಾಲ ಬಂದಿದೆ ಎಂದು ತಿಳಿಯಬೇಕು. ಶ್ರುತಿ ಹಿಡಿದು ಬೆಳೆದ ಕಿವಿಗೆ ಇದು ಕಷ್ಟದ ಕೆಲಸವಲ್ಲ.

ಕೆಟ್ಟಿರುವುದು ಕೀಯೋ, ವಾಯ್ಸೋ

ಇಡೀ ಪರೀಕ್ಷೆಯಲ್ಲಿ ಅತ್ಯಂತ ಮುಖ್ಯವಾದ ಹಂತ ಇದು. ಹೆಚ್ಚಿನವರು ಅವಸರದಲ್ಲಿ ಬಿಟ್ಟುಬಿಡುವುದೂ ಇದನ್ನೇ. ಮಿಡಿ ಕೇಬಲ್ ಮತ್ತು ಪೆಡಲ್‌ಗಳನ್ನೆಲ್ಲ ಬಿಡಿಸಿ, ಪಾಲಿ-1 ಗುಂಡಿ ಉರಿಯುತ್ತಿರುವುದನ್ನು ಖಚಿತಪಡಿಸಿಕೊಂಡು, ದನಿಯನ್ನು ಹರಡಿ ತೂಗಿಸುವ ಕೋರಸ್ ಆಫ್ ಮಾಡಿ, ಸಾ-ಅಲೆಯ (ಗರಗಸದ ಹಲ್ಲಿನಾಕಾರದ ಅಲೆ, ಷಡ್ಜವಲ್ಲ) ಸಾದಾ ಧ್ವನಿಯೊಂದನ್ನು ಇಟ್ಟುಕೊಳ್ಳಬೇಕು. ಬಳಿಕ ಸಿ ಇಂದ ಮೇಲಿನ ಸಿ ವರೆಗಿನ ಎಂಟು ಬಿಳಿ ಕೀಗಳನ್ನು ಒಂದೊಂದಾಗಿ, ಪ್ರತಿಯೊಂದನ್ನೂ ಪೂರ್ತಿ ಬಿಟ್ಟ ಮೇಲೆಯೇ ಮುಂದಿನದನ್ನು ಒತ್ತುತ್ತ, ಮತ್ತೆ ಮತ್ತೆ ನುಡಿಸಬೇಕು. ವಾದ್ಯ ತನ್ನ ಆರು ವಾಯ್ಸ್‌ಗಳನ್ನು ಸರದಿಯಂತೆ ಹಂಚುತ್ತ ಹೋಗುತ್ತದೆ. ಆರೋಹಣದಲ್ಲಿರುವುದು ಎಂಟು ಸ್ವರ, ವಾಯ್ಸ್‌ಗಳಿರುವುದು ಆರು. ಹಾಗಾಗಿ ದೋಷ ವಾಯ್ಸಿನದಾಗಿದ್ದರೆ ಅದು ಒಂದು ಸುತ್ತಿನಲ್ಲಿ ಒಂದು ಕೀ ಮೇಲೆ ಬಂದು ಮುಂದಿನ ಸುತ್ತಿನಲ್ಲಿ ಬೇರೊಂದು ಕೀಗೆ ಸರಿದಿರುತ್ತದೆ. ದೋಷ ಪ್ರತಿ ಸುತ್ತಿನಲ್ಲೂ ಅದೇ ಕೀ ಮೇಲೆ ನಿಂತಿದ್ದರೆ ವಾಯ್ಸ್ ಸರಿಯಿದೆ, ಕೆಟ್ಟಿರುವುದು ಕೀ.

ಕೀ ಕೆಟ್ಟಿದ್ದರೆ ಕೆಲಸ ಹಗುರ. ಕೀ ಕೆಳಗಿನ ಸಂಪರ್ಕ ಬಿಂದುಗಳ ಮೇಲೆ ಕುಳಿತ ಧೂಳು, ಜಿಡ್ಡು ಇವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ ಒಣಗಲು ಬಿಟ್ಟರೆ ಬಹುತೇಕ ಸರಿಹೋಗುತ್ತದೆ. ಒಂದು ಕೀಯ ಬದಲು ಪಕ್ಕಪಕ್ಕದ ಹಲವು ಕೀಗಳು, ಇಲ್ಲವೇ ಒಂದೇ ಅಂತರದಲ್ಲಿ ಬಿಟ್ಟುಬಿಟ್ಟು ಹಲವು ಕೀಗಳು ಸತ್ತಿದ್ದರೆ, ಕೀಗಳನ್ನು ಗುಂಪುಗುಂಪಾಗಿ ಓದುವ ತಂತಿಗಳಲ್ಲಿ ಯಾವುದೋ ಒಂದು ತುಂಡಾಗಿದೆ ಎಂದರ್ಥ. ಕೀಬೋರ್ಡಿನಿಂದ ಬೋರ್ಡಿಗೆ ಹೋಗುವ ಕನೆಕ್ಟರನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ ನೋಡಬೇಕು. ಗದ್ದೆಯ ಸಮೀಪದ ಮನೆಗಳಲ್ಲಿ, ಅದರಲ್ಲೂ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಊರುಗಳಲ್ಲಿ, ಸಂಜೆ ದೀಪಕ್ಕೆ ಮುತ್ತುವ ಸಣ್ಣ ಹುಳುಗಳು ಕೀ ಸಂದಿಗೆ ಬಿದ್ದು ಸಾಯುತ್ತವೆ. ಹೊದಿಕೆ ಹಾಕದೆ ಇಟ್ಟ ವಾದ್ಯದ ಕೀ ದೋಷಕ್ಕೆ ಅವೂ ಕಾರಣ.

ದೋಷ ಕೀಯಿಂದ ಕೀಗೆ ಸರಿಯುತ್ತಿದ್ದರೆ ಅದು ಯಾವ ವಾಯ್ಸಿನದು ಎಂದು ವಾದ್ಯವೇ ಹೇಳುವ ವ್ಯವಸ್ಥೆಯೊಂದಿದೆ. ಪವರ್ ಆಫ್ ಮಾಡಿ, ಕೀ ಟ್ರಾನ್ಸ್‌ಪೋಸ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಮತ್ತೆ ಆನ್ ಮಾಡಿದರೆ ವಾದ್ಯ ಪರೀಕ್ಷಾ ಸ್ಥಿತಿಗೆ ಹೋಗುತ್ತದೆ. ಈಗ ಪ್ರತಿ ಕೀ ಒತ್ತಿದಾಗಲೂ ಡಿಸ್‌ಪ್ಲೇಯಲ್ಲಿ 1ರಿಂದ 6ರವರೆಗಿನ ಒಂದು ಅಂಕಿ ಮೂಡುತ್ತದೆ. ಆ ಸ್ವರವನ್ನು ನುಡಿಸಿದ ವಾಯ್ಸಿನ ಸಂಖ್ಯೆ ಅದು. ಒಂದು ಹಾಳೆಯಲ್ಲಿ ಆರು ಅಂಕಣ ಎಳೆದು, ಪ್ರತಿ ವಾಯ್ಸಿನ ಸದ್ದು ಹೇಗಿದೆ ಎಂದು ಬರೆದುಕೊಳ್ಳಬೇಕು: ಪೂರ್ತಿ ಮೌನವೋ, ಮೆಲುದನಿಯೋ, ಚಟಪಟವೋ, ಮಂಕೋ, ಬೆರಳು ಬಿಟ್ಟ ಮೇಲೂ ಎಳೆಯುತ್ತದೆಯೋ. ಬೆಳಗ್ಗೆ ಆನ್ ಮಾಡಿದ ಕೂಡಲೇ ಒಮ್ಮೆ, ಅರ್ಧ ಗಂಟೆ ಬಿಸಿಯಾದ ಮೇಲೆ ಇನ್ನೊಮ್ಮೆ ಇದನ್ನು ಮಾಡುವುದು ಅಗತ್ಯ, ಏಕೆಂದರೆ ತಣ್ಣಗಿದ್ದಾಗ ಕೆಟ್ಟು ಬಿಸಿಯಾದಂತೆ ಸರಿಹೋಗುವ ವಾಯ್ಸ್‌ಗಳೂ, ಅದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುವಂಥವೂ ಇರುತ್ತವೆ. ಈ ಹಾಳೆಯನ್ನು ಕಳೆಯಬಾರದು. ವಾದ್ಯವನ್ನು ತಂತ್ರಜ್ಞರ ಕೈಗೆ ಕೊಡುವುದಾದರೂ ಇದನ್ನು ಜೊತೆಗೆ ಕೊಟ್ಟರೆ ಅವರ ಅರ್ಧ ಕೆಲಸ ಮುಗಿದಂತೆ.

ಒಂದು, ಎರಡು, ಮೂರು, ಆರು

ಎಷ್ಟು ವಾಯ್ಸ್‌ಗಳು ಒಟ್ಟಿಗೆ ಕೆಟ್ಟಿವೆ ಎಂಬ ಎಣಿಕೆಯೇ ದೋಷದ ಸ್ಥಳವನ್ನು ಬಹುಮಟ್ಟಿಗೆ ಸೂಚಿಸುತ್ತದೆ. ಅದಕ್ಕೆ ಕಾರಣ ಈ ವಾದ್ಯದ ಒಳರಚನೆ. ಪ್ರತಿ ಸ್ವರದ ಆವರ್ತನವನ್ನು ನಿರ್ಧರಿಸುವುದು 8253 ಎಂಬ ಟೈಮರ್ ಚಿಪ್. ಒಂದು 8253ರಲ್ಲಿ ಮೂರು ಎಣಿಕೆಗಳಿಗೆ ಅವಕಾಶವಿರುವುದರಿಂದ ಆರು ವಾಯ್ಸ್‌ಗಳಿಗೆ ಎರಡು ಚಿಪ್ ಸಾಕು. ಅಲ್ಲಿಂದ ಬಂದ ಸಂಕೇತಕ್ಕೆ ಸಾ-ಅಲೆ, ಚೌಕಾಕಾರದ ಪಲ್ಸ್ ಅಲೆ, ಒಂದು ಸ್ಥಾಯಿ ಕೆಳಗಿನ ಸಬ್ ಆಸಿಲೇಟರಿನ ರೂಪ ಕೊಡುವುದು ಎಂಸಿ5534ಎ. ಇದರ ಒಂದೊಂದು ಚಿಪ್ ಎರಡೆರಡು ವಾಯ್ಸ್‌ಗಳನ್ನು ನೋಡಿಕೊಳ್ಳುತ್ತದೆ, ಒಟ್ಟು ಮೂರು. ಕೊನೆಗೆ ದನಿಯ ತೀಕ್ಷ್ಣತೆಯನ್ನು ತಗ್ಗಿಸುವ ಫಿಲ್ಟರ್ ಮತ್ತು ದನಿಯ ಏರಿಳಿತವನ್ನು ನಿಭಾಯಿಸುವುದು 80017ಎ, ವಾಯ್ಸಿಗೆ ಒಂದರಂತೆ ಆರು. ಆರೂ ವಾಯ್ಸ್‌ಗಳು ಒಟ್ಟುಗೂಡಿದ ಮೇಲೆ ಹೈ-ಪಾಸ್ ಫಿಲ್ಟರ್, ಕೋರಸ್, ಔಟ್‌ಪುಟ್ ಎಲ್ಲಕ್ಕೂ ದಾರಿ ಒಂದೇ.

ಹಾಗಾಗಿ ಒಂದೇ ವಾಯ್ಸ್ ಕೆಟ್ಟಿದ್ದರೆ ಮೊದಲ ಅನುಮಾನ 80017ಎ ಮೇಲೆ. ಎಂಸಿ5534ಎ ಚಿಪ್ಪಿನ ಅರ್ಧ ಭಾಗ ಮಾತ್ರ ಕೆಡುವುದೂ ಉಂಟಾದ್ದರಿಂದ ಇದನ್ನು ತೀರ್ಪು ಎಂದು ತಿಳಿಯದೆ ಅನುಮಾನವಾಗಿಯೇ ಇಟ್ಟುಕೊಳ್ಳಬೇಕು. ಜೋಡಿಯಾದ ಎರಡು ವಾಯ್ಸ್‌ಗಳು ಒಟ್ಟಿಗೆ ಹೋಗಿದ್ದರೆ ಎಂಸಿ5534ಎ, ಮೂರು ಒಟ್ಟಿಗೆ ಹೋಗಿದ್ದರೆ ಇಲ್ಲವೇ ಅವುಗಳ ಶ್ರುತಿಯೇ ತಪ್ಪಿದ್ದರೆ 8253. ಇಲ್ಲಿ ಶ್ರುತಿಯ ಬಗ್ಗೆ ಒಂದು ಮಾತು ಸೇರಿಸಬೇಕು: ಈ ವಾದ್ಯದಲ್ಲಿ ಶ್ರುತಿ ಡಿಜಿಟಲ್ ಎಣಿಕೆಯಿಂದ ಬರುವುದರಿಂದ, ಇನ್ನೂ ಹಳೆಯ ಸಿಂಥಸೈಜರ್‌ಗಳಂತೆ ಬಿಸಿಲು ಏರಿದಂತೆ ಒಂದೊಂದು ವಾಯ್ಸ್ ಶ್ರುತಿ ಬಿಟ್ಟು ಜಾರುವುದಿಲ್ಲ. ಒಂದೇ ವಾಯ್ಸ್ ಅಪಶ್ರುತಿಯಾಗಿ ಕೇಳಿಸಿದರೆ ಹೆಚ್ಚಾಗಿ ತಪ್ಪಿರುವುದು ಅದರ ಫಿಲ್ಟರ್. ಫಿಲ್ಟರಿನ ಅನುರಣನವನ್ನು ಹೆಚ್ಚಿಸುವ ರೆಸೊನೆನ್ಸ್ ಸ್ಲೈಡರನ್ನು ಪೂರ್ತಿ ಕೆಳಗಿಳಿಸಿ ಮತ್ತೆ ಕೇಳಿದರೆ ಗೊತ್ತಾಗುತ್ತದೆ.

ಆರೂ ಒಟ್ಟಿಗೆ ಕೆಟ್ಟಿದ್ದರೆ ವಾಯ್ಸ್ ಚಿಪ್ಪುಗಳ ಕಡೆ ನೋಡುವ ಅಗತ್ಯವೇ ಇಲ್ಲ. ಪವರ್ ಸಪ್ಲೈ, ಔಟ್‌ಪುಟ್ ಜ್ಯಾಕ್, ಬೋರ್ಡುಗಳ ನಡುವಿನ ರಿಬ್ಬನ್ ತಂತಿ ಇವುಗಳನ್ನು ನೋಡಬೇಕು. ಕೋರಸ್ ಹಾಕಿದಾಗ ಮಾತ್ರ ದನಿ ಕುಸಿದರೆ, ಇಲ್ಲವೇ ಸ್ಟೀರಿಯೋದ ಒಂದು ಬದಿಯಲ್ಲಿ ತೂಗಾಟ ನಿಂತಿದ್ದರೆ, ಕೋರಸ್ಸಿನ ಎರಡು ಎಂಎನ್3009 ಚಿಪ್ಪುಗಳಲ್ಲಿ ಒಂದು, ಅಥವಾ ಅದನ್ನು ನಡೆಸುವ ಎಂಎನ್3101 ಕೆಟ್ಟಿದೆ. ಕೋರಸ್ ಹಾಕಿದಾಗ ಸುಯ್ ಎಂದು ಸಣ್ಣ ಗಾಳಿಯ ಸದ್ದು ಕೇಳುವುದು ಮಾತ್ರ ದೋಷವಲ್ಲ, ಹೊಸದಾಗಿದ್ದಾಗಲೂ ಅದು ಇತ್ತು. ಅದನ್ನು ತೆಗೆಯಲು ಹೊರಟವರು ಈ ವಾದ್ಯದ ಹೆಸರಿಗೆ ಕಾರಣವಾದ ದನಿಯನ್ನೇ ಕೆಡಿಸಿಕೊಂಡಾರು.

ಸ್ಲೈಡರನ್ನು ಸರಿಸಿದಾಗ ಧ್ವನಿ ನುಣುಪಾಗಿ ಬದಲಾಗದೆ ಥಟ್ಟನೆ ನೆಗೆದರೆ ಸ್ಲೈಡರಿನೊಳಗೆ ಧೂಳು ಸೇರಿದೆ. ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಸಲ ಮೇಲೆ ಕೆಳಗೆ ಸರಿಸಿದರೆ ಸಾಕು. ಬಾಗಿಲ ಕೀಲಿಗೆ ಹೊಡೆಯುವ ತುಕ್ಕು ಬಿಡಿಸುವ ಎಣ್ಣೆಯನ್ನು ಇಲ್ಲಿ ಬಳಸಬಾರದು.

ಇನ್ನು ಒಂದೇ ವಾಯ್ಸ್ ಕೆಟ್ಟಿರುವಾಗ ಮುಚ್ಚಳ ತೆಗೆಯದೆ ಮಾಡಬಹುದಾದ ಅತ್ಯುತ್ತಮ ಪರೀಕ್ಷೆಯನ್ನು ವಿವರವಾಗಿ ಹೇಳುತ್ತೇನೆ. ಪರೀಕ್ಷಾ ಸ್ಥಿತಿಯಿಂದ ಹೊರಬಂದು, ಸಾ ಮತ್ತು ಪಲ್ಸ್ ಗುಂಡಿಗಳನ್ನು ಆರಿಸಿ, ಸಬ್ ಮತ್ತು ನಾಯ್ಸ್ ಸ್ಲೈಡರ್‌ಗಳನ್ನು ಸೊನ್ನೆಗೆ ಇಳಿಸಿ. ಆಗ ಫಿಲ್ಟರಿಗೆ ಯಾವ ಸದ್ದೂ ಹೋಗುವುದಿಲ್ಲ. ಈಗ ರೆಸೊನೆನ್ಸನ್ನು 10ಕ್ಕೆ ಏರಿಸಿ, ಫಿಲ್ಟರಿನ ಫ್ರೀಕ್ವೆನ್ಸಿಯನ್ನು ನಡುಮಟ್ಟದಲ್ಲಿಟ್ಟು, ಫಿಲ್ಟರನ್ನು ತಾನಾಗಿ ಏರಿಳಿಸುವ ಎನ್ವಲಪ್ ಮತ್ತು ಎಲ್‌ಎಫ್‌ಓ ಸ್ಲೈಡರ್‌ಗಳನ್ನು ಸೊನ್ನೆ ಮಾಡಿ, ಕೀಬೋರ್ಡ್ ಫಾಲೋ ಸ್ಲೈಡರನ್ನು 10ಕ್ಕೆ ತಂದು, ದನಿಯ ಮಟ್ಟವನ್ನು ನಿಯಂತ್ರಿಸುವ ವಿಸಿಎ ಸ್ವಿಚ್ಚನ್ನು ಗೇಟ್ ಕಡೆಗೆ ಇಡಿ. ಕೀ ಒತ್ತಿದರೆ ಫಿಲ್ಟರ್ ತಾನೇ ತಾನಾಗಿ ಶಿಳ್ಳೆ ಹಾಕುತ್ತದೆ; ಅದು ಶುದ್ಧವಾದ, ಕೊಳಲಿನ ಮೇಲಿನ ಸ್ಥಾಯಿಗೆ ಹತ್ತಿರವಾದ ದನಿ. ಈ ಶಿಳ್ಳೆ ಹುಟ್ಟುವುದು 80017ಎ ಒಳಗೆ. ಐದು ವಾಯ್ಸ್ ಶಿಳ್ಳೆ ಹಾಕಿ ಒಂದು ಸುಮ್ಮನಿದ್ದರೆ, ಇಲ್ಲವೇ ಆ ಒಂದರ ಶಿಳ್ಳೆ ಕೊಂಕಾಗಿ ಅಲುಗುತ್ತಿದ್ದರೆ, ದೋಷ 80017ಎ ಚಿಪ್ಪಿನಲ್ಲಿ ಅಥವಾ ಅದಕ್ಕೆ ಬರುವ ನಿಯಂತ್ರಣ ವೋಲ್ಟೇಜಿನಲ್ಲಿದೆ. ಆರೂ ಸಮನಾಗಿ ಶಿಳ್ಳೆ ಹಾಕಿ, ಸಾ ಅಥವಾ ಪಲ್ಸ್ ಹಾಕಿದಾಗ ಮಾತ್ರ ಒಂದು ವಾಯ್ಸ್ ಮೌನವಾದರೆ 80017ಎ ನಿರ್ದೋಷಿ. ಅಲೆ ಹುಟ್ಟುವ ಕಡೆ, ಎಂದರೆ ಎಂಸಿ5534ಎ ಕಡೆ, ನೋಡಬೇಕು. ಸಾ ಬರುತ್ತದೆ, ಪಲ್ಸ್ ಬರುವುದಿಲ್ಲ ಎಂಬಂಥ ಅರೆಬರೆ ದೋಷವೂ ಅತ್ತಲೇ ಕೈತೋರಿಸುತ್ತದೆ.

ಇದೇ ತರ್ಕವನ್ನು ಬೇರೆ ವಾದ್ಯಕ್ಕೆ ಹೊಂದಿಸುವಾಗ ಆ ವಾದ್ಯದ ರಚನೆಯನ್ನು ಮೊದಲು ತಿಳಿದಿರಬೇಕು. 1981ರ ಕೋರ್ಗ್ ಪಾಲಿಸಿಕ್ಸ್ ಕೂಡ ಆರು ವಾಯ್ಸಿನದೇ, ಹಾಗಾಗಿ ಎಣಿಕೆಯ ಕ್ರಮ ಅಲ್ಲಿಯೂ ನಡೆಯುತ್ತದೆ. ಆದರೆ ಅದರ ಕೆಎಲ್‌ಎಂ-367 ಬೋರ್ಡಿನ ಮೇಲಿರುವ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ಸುತ್ತಲಿನ ತಾಮ್ರವನ್ನು ತಿನ್ನುವುದು ಎಷ್ಟು ಸಾಮಾನ್ಯವೆಂದರೆ, ಅಲ್ಲಿ ಬೇರೆಲ್ಲ ಪರೀಕ್ಷೆಗೂ ಮೊದಲು ಆ ಬ್ಯಾಟರಿಯನ್ನೇ ನೋಡಬೇಕು. 1983ರ ಯಮಹಾ ಡಿಎಕ್ಸ್7ರಲ್ಲಿ ಹದಿನಾರು ವಾಯ್ಸ್‌ಗಳನ್ನೂ ಒಂದೇ ಜೋಡಿ ಡಿಜಿಟಲ್ ಚಿಪ್ಪುಗಳು ಲೆಕ್ಕಹಾಕಿ ಹುಟ್ಟಿಸುವುದರಿಂದ, ಹದಿನಾರರಲ್ಲಿ ಒಂದು ವಾಯ್ಸಿನ ಚಿಪ್ ಹೋಯಿತು ಎಂಬ ಮಾತೇ ಅಲ್ಲಿ ಹುಟ್ಟುವುದಿಲ್ಲ.

ಮುಚ್ಚಳ ತೆಗೆಯುವ ಮುನ್ನ, ತೆಗೆದ ಮೇಲೆ

ಜುನೋ-106ರ 128 ಧ್ವನಿಗಳನ್ನು ನೆನಪಿನಲ್ಲಿಡುವುದು ಸಿಆರ್2032 ಎಂಬ 3 ವೋಲ್ಟಿನ ಪುಟ್ಟ ಬ್ಯಾಟರಿ. ಒಳಗೆ ಕೈಹಾಕುವ ಮೊದಲು ಆ ಧ್ವನಿಗಳನ್ನು ಉಳಿಸಿಕೊಳ್ಳಬೇಕು. ಹಿಂಬದಿಯ ಟೇಪ್ ಸೇವ್ ಜ್ಯಾಕಿನಿಂದ ಕಂಪ್ಯೂಟರಿಗೆ ಕೇಬಲ್ ಜೋಡಿಸಿ, ಹಿಂದೆ ಕ್ಯಾಸೆಟ್ಟಿಗೆ ಮಾಡುತ್ತಿದ್ದಂತೆಯೇ ಅದನ್ನು ಸದ್ದಿನ ಕಡತವಾಗಿ ಧ್ವನಿಮುದ್ರಿಸಬಹುದು. ಮರಳಿ ಹಾಕುವಾಗ ಟೇಪ್ ಲೋಡ್ ಜ್ಯಾಕಿಗೆ ಅದನ್ನೇ ನುಡಿಸಬೇಕು, ಆಗ ಮೆಮೊರಿ ಪ್ರೊಟೆಕ್ಟ್ ಸ್ವಿಚ್ ಆಫ್ ಇರಬೇಕು. ಮುದ್ರಿಸಿದ ಕಡತವನ್ನು ಎಂಪಿ3 ಮಾಡಿ ಕುಗ್ಗಿಸಬಾರದು. ಬ್ಯಾಟರಿಯನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಬದಲಿಸುವಾಗ ಒಂದು ಹೋಲ್ಡರ್ ಕೂರಿಸಿಬಿಟ್ಟರೆ ಮುಂದಿನ ಸಲ ಬೆಸುಗೆಯ ಕೆಲಸವಿರುವುದಿಲ್ಲ.

ಪ್ಲಗ್ ತೆಗೆದು, ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ತು ಇಳಿಯುವಷ್ಟು ಹೊತ್ತು ಕಾದು, ನಂತರ ಮುಚ್ಚಳ ತೆಗೆಯಬೇಕು. ಒಳಗೆ ಮೊದಲ ಕೆಲಸ ಕಣ್ಣಿನದು. ಸುಟ್ಟ ಗುರುತು, ಉಬ್ಬಿದ ಕೆಪಾಸಿಟರ್, ಹಸಿರುಗಟ್ಟಿದ ತಾಮ್ರ, ಜಿರಳೆಯ ಹಿಕ್ಕೆ ಇವನ್ನು ಟಾರ್ಚ್ ಬೆಳಕಿನಲ್ಲಿ ನಿಧಾನವಾಗಿ ಹುಡುಕಬೇಕು. ಆಮೇಲೆ ಪವರ್ ಕೊಟ್ಟು, ಮಲ್ಟಿಮೀಟರಿನಲ್ಲಿ ಮೂರು ವೋಲ್ಟೇಜ್‌ಗಳನ್ನು ಅಳೆಯಬೇಕು: +15, –15 ಮತ್ತು +5. ಟ್ರಾನ್ಸ್‌ಫಾರ್ಮರಿನ ಬದಿಯಲ್ಲಿ 230 ವೋಲ್ಟ್ ಬಯಲಾಗಿಯೇ ಇರುತ್ತದೆ ಎಂಬುದನ್ನು ಮರೆಯದೆ, ಒಂದು ಕೈಯನ್ನು ದೂರವಿಟ್ಟುಕೊಂಡೇ ಈ ಕೆಲಸ ಮಾಡಬೇಕು; ಮಾಡಿ ಅಭ್ಯಾಸವಿಲ್ಲದವರು ಇಲ್ಲಿಂದ ಮುಂದಿನದನ್ನು ಟಿ.ವಿ., ಆಂಪ್ಲಿಫೈಯರ್ ರಿಪೇರಿ ಬಲ್ಲವರಿಗೆ ಒಪ್ಪಿಸುವುದು ಕ್ಷೇಮ. ಮೂರರಲ್ಲಿ ಯಾವುದು ತಪ್ಪಿದ್ದರೂ ಅದನ್ನು ಸರಿಪಡಿಸುವವರೆಗೆ ಮುಂದೆ ಹೋಗಬಾರದು. ಕುಸಿದ –15 ವೋಲ್ಟ್ ಒಂದೇ ಸಾಕು, ಒಳ್ಳೆಯ ಚಿಪ್ಪುಗಳೂ ಕೆಟ್ಟವುಗಳಂತೆ ನಡೆದುಕೊಳ್ಳಲು. ರೆಗ್ಯುಲೇಟರ್, ಕೆಪಾಸಿಟರ್, ಐಸಿ ಸಾಕೆಟ್‌ಗಳಂಥ ಸಾಮಾನ್ಯ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ ಹೋಗಿಬಂದರೆ ಕೆಲಸವಾಗುತ್ತದೆ.

ಈಗ ಹೋಲಿಕೆಯ ಕೆಲಸ. ಬೋರ್ಡಿನ ಮೇಲೆ ಆರು 80017ಎ ಚಿಪ್ಪುಗಳು ಸಾಲಾಗಿ ನಿಂತಿರುತ್ತವೆ. ಕಪ್ಪು ಲೇಪನದಲ್ಲಿ ಅದ್ದಿ ತೆಗೆದಂತೆ ಕಾಣುವ ಸಣ್ಣ ಹಲಗೆಗಳು ಅವು. ಕೆಟ್ಟ ವಾಯ್ಸಿನ ಚಿಪ್ಪಿನ ಕಾಲುಗಳಲ್ಲಿ ಒಂದೊಂದರ ವೋಲ್ಟೇಜನ್ನೂ ಅಳೆದು, ಪಕ್ಕದ ಒಳ್ಳೆಯ ಚಿಪ್ಪಿನ ಅದೇ ಕಾಲಿನ ಅಳತೆಯ ಎದುರು ಬರೆದುಕೊಳ್ಳಬೇಕು. ಮೀಟರಿನ ಮುಳ್ಳು ಜಾರಿ ಎರಡು ಕಾಲುಗಳನ್ನು ಒಟ್ಟಿಗೆ ಮುಟ್ಟದಂತೆ ಎಚ್ಚರ ಬೇಕು. ಫಿಲ್ಟರ್ ಸ್ಲೈಡರನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತ ನೋಡಿದರೆ, ಒಳ್ಳೆಯ ಚಿಪ್ಪಿನ ಒಂದು ಕಾಲಿನಲ್ಲಿ ವೋಲ್ಟೇಜ್ ನುಣುಪಾಗಿ ಬದಲಾಗುತ್ತದೆ. ಕೆಟ್ಟ ವಾಯ್ಸಿನಲ್ಲಿ ಆ ವೋಲ್ಟೇಜ್ ಚಿಪ್ಪಿನವರೆಗೆ ಬರುತ್ತಲೇ ಇಲ್ಲವೆಂದಾದರೆ ದೋಷ ಚಿಪ್ಪಿಗಿಂತ ಮೊದಲೇ ಇದೆ: ನಿಯಂತ್ರಣ ವೋಲ್ಟೇಜನ್ನು ಹಂಚಿಕೊಡುವ 4051 ಐಸಿ, ಅದರ ಹಿಂದಿನ ಆಪ್-ಆಂಪ್ ಎಂಬ ವರ್ಧಕ ಐಸಿ, ಇಲ್ಲವೇ ಅವುಗಳ ನಡುವಿನ ಬೆಸುಗೆ. ಮದ್ದೂರು, ನಾಗಮಂಗಲ, ಕೆ.ಆರ್. ಪೇಟೆ ಎಂದು ಜಾತ್ರೆಯಿಂದ ಜಾತ್ರೆಗೆ ವ್ಯಾನಿನಲ್ಲಿ ಕುಲುಕಾಡಿದ ವಾದ್ಯಗಳಲ್ಲಿ ಈ ಬೆಸುಗೆಯ ಬಿರುಕು ಅಪರೂಪವೇನಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಕೂದಲೆಳೆಯಂಥ ಉಂಗುರ ಕಾಣುತ್ತದೆ, ಮತ್ತೆ ಬೆಸುಗೆ ಹಾಕಿದರೆ ಮುಗಿಯಿತು. ಬರಬೇಕಾದ ವೋಲ್ಟೇಜ್‌ಗಳೆಲ್ಲ ಸರಿಯಾಗಿ ಬರುತ್ತಿದ್ದು, ಒಳಕ್ಕೆ ಅಲೆಯೂ ಬರುತ್ತಿದ್ದು, ಹೊರಕ್ಕೆ ಸದ್ದು ಮಾತ್ರ ಹೋಗುತ್ತಿಲ್ಲವಾದರೆ, ಆಗ 80017ಎ ಕೆಟ್ಟಿದೆ ಎಂದು ಧೈರ್ಯವಾಗಿ ಹೇಳಬಹುದು.

ಚಿಪ್ಪನ್ನು ತೆಗೆದು ಉಳಿಸಿಕೊಳ್ಳುವುದು

80017ಎ ಕೆಡುವುದಕ್ಕೆ ಅದರೊಳಗಿನ ಐಸಿಗಳಿಗಿಂತ ಹೆಚ್ಚಾಗಿ ಆ ಕಪ್ಪು ಎಪಾಕ್ಸಿ ಲೇಪನವೇ ಕಾರಣ. ರಕ್ಷಣೆಗೆಂದು ಹಾಕಿದ ಅದು ಹಳತಾಗುತ್ತ, ತೇವ ಹೀರುತ್ತ, ವಿದ್ಯುತ್ತನ್ನು ಅಷ್ಟಿಷ್ಟು ಹರಿಯಗೊಡುತ್ತದೆ. ಪಕ್ಕಪಕ್ಕದ ಬಿಂದುಗಳ ನಡುವೆ ಸೋರಿಕೆ ಶುರುವಾದೊಡನೆ ಚಟಪಟವೂ ಗುಂಯ್‌ಗುಡುವಿಕೆಯೂ ಆರಂಭವಾಗುತ್ತವೆ. ಮೇ ತಿಂಗಳ ಮಳೆಯಿಂದ ದಸರಾ ಮುಗಿಯುವವರೆಗೆ ನಮ್ಮಲ್ಲಿ ಗಾಳಿಯ ತೇವ ಹೆಚ್ಚಿರುತ್ತದೆ. ವಾದ್ಯವನ್ನು ಪೆಟ್ಟಿಗೆಯಲ್ಲಿ ಮುಚ್ಚಿ ತಿಂಗಳುಗಟ್ಟಲೆ ಬಿಟ್ಟವರು ಆ ದಿನಗಳಲ್ಲೇ ಈ ದೂರು ಹೇಳುವುದನ್ನು ಕಂಡಿದ್ದೇನೆ.

ಚಿಪ್ಪನ್ನು ಬಿಡಿಸುವಾಗ ಉಷ್ಣತೆ ನಿಯಂತ್ರಿಸಬಲ್ಲ ಸೋಲ್ಡರಿಂಗ್ ಐರನ್ ಮತ್ತು ಒಳ್ಳೆಯ ಡಿಸೋಲ್ಡರಿಂಗ್ ಪಂಪ್ ಎರಡೂ ಬೇಕು. ಹಳೆಯ ಬೆಸುಗೆಗೆ ಮೊದಲು ಸ್ವಲ್ಪ ಹೊಸ ಬೆಸುಗೆ ಸೇರಿಸಿ ಕರಗಿಸಿದರೆ ಅದು ಸಲೀಸಾಗಿ ಹೀರಿಕೊಂಡು ಬರುತ್ತದೆ. ಪ್ರತಿ ಕಾಲೂ ತೂತಿನಲ್ಲಿ ಸ್ವತಂತ್ರವಾಗಿ ಅಲುಗುತ್ತಿದೆ ಎಂದು ಖಾತ್ರಿಯಾಗುವವರೆಗೆ ಚಿಪ್ಪನ್ನು ಮೇಲಕ್ಕೆ ಎಳೆಯಬಾರದು. ಚಿಪ್ಪು ಯಾವ ಕಡೆ ಮುಖಮಾಡಿ ನಿಂತಿತ್ತು ಎಂದು ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಬೇಕು. ಖಾಲಿಯಾದ ಜಾಗಕ್ಕೆ ಸಾಕೆಟ್ ಹಾಕಿದರೆ ಮುಂದೆ ಬೋರ್ಡನ್ನು ಮತ್ತೆ ಕಾಯಿಸುವ ಪ್ರಮೇಯ ಬರುವುದಿಲ್ಲ. ಸಾಕೆಟ್ ಹಾಕಿದ ಮೇಲೆ ಇನ್ನೊಂದು ಪರೀಕ್ಷೆಯೂ ಸಾಧ್ಯ: ಇನ್ನೊಂದು ವಾಯ್ಸಿಗೂ ಸಾಕೆಟ್ ಇದ್ದರೆ ಎರಡು ಚಿಪ್ಪುಗಳನ್ನು ಅದಲುಬದಲು ಮಾಡಿ ನೋಡಬಹುದು. ದೋಷ ಚಿಪ್ಪಿನ ಜೊತೆಯಲ್ಲೇ ಹೋದರೆ ಅನುಮಾನ ನಿಜವಾಯಿತು.

ಕೆಟ್ಟ ಚಿಪ್ಪನ್ನು ಎಸೆಯುವ ಮೊದಲು ಅಸಿಟೋನ್ ಚಿಕಿತ್ಸೆ ಮಾಡಿ ನೋಡಬೇಕೆಂಬುದು ನನ್ನ ಆಗ್ರಹದ ಸಲಹೆ. ಬಿಗಿಯಾದ ಲೋಹದ ಮುಚ್ಚಳವಿರುವ ಗಾಜಿನ ಶೀಷೆಯಲ್ಲಿ ಚಿಪ್ಪು ಮುಳುಗುವಷ್ಟು ಅಸಿಟೋನ್ ಹಾಕಿ, ಒಂದರಿಂದ ಮೂರು ದಿನ ಬಿಡಬೇಕು. ಪ್ಲಾಸ್ಟಿಕ್ ಲೋಟ ಅಸಿಟೋನಿಗೆ ಕರಗಿಹೋಗಬಹುದು. ಅದು ಬಹಳ ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಅಡುಗೆಮನೆಯಲ್ಲಾಗಲಿ, ದೀಪ ಊದುಬತ್ತಿ ಹಚ್ಚುವ ಕೋಣೆಯಲ್ಲಾಗಲಿ ಇಡದೆ, ಗಾಳಿಯಾಡುವ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಮೊದಲ ದಿನ ಲೇಪನ ಹಾಗೆಯೇ ಇದ್ದಂತೆ ಕಂಡರೂ ಅಂಚಿನಲ್ಲಿ ಸುಕ್ಕುಗಳೇಳುತ್ತವೆ. ನಂತರ ಅದು ಉಬ್ಬಿ ಹಲಗೆಯಿಂದ ಸಡಿಲವಾಗುತ್ತದೆ. ಆಗ ಮರದ ಹಲ್ಲುಕಡ್ಡಿಯಿಂದ ಒಂದು ಮೂಲೆಯನ್ನು ಎಬ್ಬಿಸಿದರೆ ಕಪ್ಪು ಸಿಪ್ಪೆ ತುಂಡುತುಂಡಾಗಿ ಬಿಟ್ಟುಬರುತ್ತದೆ. ಕೆಳಗೆ ಅಕ್ಕಿನುಚ್ಚಿಗಿಂತಲೂ ಸಣ್ಣ ಬಿಡಿಭಾಗಗಳಿರುವುದರಿಂದ ಬಲವಂತ ಮಾಡಿದರೆ ಅವೂ ಕಿತ್ತುಬರುತ್ತವೆ. ಬಿಡದ ಕಡೆ ಮತ್ತೆ ಒಂದು ದಿನ ನೆನೆಹಾಕುವುದೇ ದಾರಿ. ಪೂರ್ತಿ ಸ್ವಚ್ಛವಾದ ಮೇಲೆ ಹೊಸ ಅಸಿಟೋನಿನಲ್ಲಿ ಒಮ್ಮೆ ತೊಳೆದು, ಒಣಗಿಸಿ, ಕಾಲುಗಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ, ಮರಳಿ ಕೂರಿಸಬೇಕು.

ಬಹಳಷ್ಟು ಚಿಪ್ಪುಗಳು ಹೀಗೆ ಮರುಜೀವ ಪಡೆಯುತ್ತವೆ, ಎಲ್ಲವೂ ಅಲ್ಲ. ಬದುಕದವುಗಳ ಜಾಗಕ್ಕೆ ವಿದೇಶದ ಕೆಲವು ಸಣ್ಣ ತಯಾರಕರು ಹೊಸದಾಗಿ ಮಾಡುವ ಬದಲಿ ಚಿಪ್ಪುಗಳು ಸಿಗುತ್ತವೆ. ಒಂದು ಕೆಟ್ಟ ಕೂಡಲೇ ಆರನ್ನೂ ಬದಲಿಸಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ, ಬೇಡ ಎಂದೇ. ಕೆಟ್ಟದ್ದನ್ನು ಮಾತ್ರ ಸರಿಪಡಿಸಿ ಒಂದು ಮಳೆಗಾಲ ಕಾದು ನೋಡಿ. ಆ ಅವಧಿಯಲ್ಲಿ ಎರಡನೆಯದೂ ಮೂರನೆಯದೂ ಕೆಡತೊಡಗಿದರೆ, ಉಳಿದವುಗಳ ಲೇಪನವನ್ನೂ ಒಟ್ಟಿಗೆ ತೆಗೆಸುವುದು ನ್ಯಾಯ.

ಚಿಪ್ಪನ್ನು ಮರಳಿ ಹಾಕಿದ ಮೇಲೆ ಆ ವಾಯ್ಸ್ ನುಡಿದರೂ ಉಳಿದ ಐದಕ್ಕೆ ಹೊಂದದೆ ತುಸು ಮಂಕಾಗಿಯೋ ತೀಕ್ಷ್ಣವಾಗಿಯೋ ಕೇಳಿಸಬಹುದು. ಪ್ರತಿ ವಾಯ್ಸಿಗೂ ಬೋರ್ಡಿನ ಮೇಲೆ ಅದರದೇ ಟ್ರಿಮ್ಮರ್‌ಗಳು, ಎಂದರೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಹೊಂದಾಣಿಕೆಯ ಸಣ್ಣ ತಿರುಪುಗಳು, ಇರುವುದು ಇದಕ್ಕಾಗಿಯೇ. ವಾದ್ಯ ಅರ್ಧ ಗಂಟೆ ಬಿಸಿಯಾದ ಮೇಲೆ ಶಿಳ್ಳೆಯ ಪರೀಕ್ಷೆಯನ್ನು ಮತ್ತೆ ಮಾಡಿ, ರಿಪೇರಿಯಾದ ವಾಯ್ಸಿನ ಶಿಳ್ಳೆ ಒಂದೇ ಕೀಗೆ ಉಳಿದವುಗಳ ಶ್ರುತಿಯಲ್ಲೇ ನಿಲ್ಲುವಂತೆ ಅದರ ಫಿಲ್ಟರ್ ಟ್ರಿಮ್ಮರನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಎರಡು ಆಕ್ಟೇವ್ ಮೇಲಿನ ಕೀಯಲ್ಲೂ ಶ್ರುತಿ ನಿಂತರೆ ಹೊಂದಿಕೆ ಸರಿಯಾಗಿದೆ. ತಿರುಗಿಸುವ ಮೊದಲು ಟ್ರಿಮ್ಮರ್ ಎಲ್ಲಿತ್ತು ಎಂದು ಪೆನ್ನಿನಿಂದ ಗುರುತು ಹಾಕಿಕೊಳ್ಳಬೇಕು, ಒಳ್ಳೆಯ ವಾಯ್ಸ್‌ಗಳ ಟ್ರಿಮ್ಮರ್‌ಗಳನ್ನು ಮುಟ್ಟಬಾರದು. ಮುಚ್ಚಳ ಹಾಕಿ, ಮರುದಿನ ಬೆಳಗ್ಗೆ ತಣ್ಣಗಿನ ವಾದ್ಯದ ಮೇಲೆ ಆರು ಅಂಕಣದ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಿ, ಫಲಿತಾಂಶವನ್ನು ಹಳೆಯ ಹಾಳೆಯ ಕೆಳಗೇ ದಿನಾಂಕದೊಡನೆ ಬರೆದಿಡಬೇಕು.